ಕರಡಿಗೊಂದು, ಕೊಂಡುಕುರಿಗೊಂದು: ಪ್ರಾಣಿ ಪಾತ್ರ ಬರೆಯಲು ಯಾವ ಮಿಶ್ರ ಮಾಧ್ಯಮ ಆರಿಸಿಕೊಳ್ಳಬೇಕು?

ಎರಡು ತಿಂಗಳಲ್ಲಿ ಒಂದೇ ಪ್ರಶ್ನೆ ಮೂರು ಕಡೆಯಿಂದ ಬಂತು. ಜಗಳೂರು ತಾಲ್ಲೂಕಿನ ಸರ್ಕಾರಿ ಶಾಲೆಯ ಟೀಚರ್ ಒಬ್ಬರಿಗೆ ನಲಿ-ಕಲಿ ತರಗತಿಗೆ ಪ್ರಾಣಿ ಕಥೆಗಳ ಕಾರ್ಡು ಮಾಡಬೇಕು, ಖರ್ಚೆಲ್ಲ ಅವರ ಕೈಯಿಂದಲೇ. ದಾವಣಗೆರೆಯ ದೃಶ್ಯಕಲಾ ಕಾಲೇಜಿನಲ್ಲಿ ಓದುವ ಹುಡುಗನೊಬ್ಬನಿಗೆ ಮಕ್ಕಳ ಪುಸ್ತಕಕ್ಕೆ ಚಿತ್ರ ಬರೆಯುವ ಆಸೆ. ಆದರೆ ಇಂಕು ಹಿಡಿಯಬೇಕೋ ಗ್ವಾಶ್ (ಕೆಳಗಿನದನ್ನು ಮುಚ್ಚುವ ಥರದ ವಾಟರ್ ಕಲರ್) ಹಿಡಿಯಬೇಕೋ ಗೊತ್ತಾಗದೆ ಅರ್ಧಂಬರ್ಧ ಮಾಡಿದ ಹಾಳೆಗಳನ್ನು ರಾಶಿ ಹಾಕಿಕೊಂಡಿದ್ದಾನೆ. ಮೂರನೆಯವರು ಚಿತ್ರದುರ್ಗದ ಒಬ್ಬ ಅಕ್ಕ. ಮನೆಯಲ್ಲೇ ಶುಭಾಶಯ ಪತ್ರ, ಬುಕ್‌ಮಾರ್ಕ್ ಮಾಡಿ ಮಾರುತ್ತಾರೆ. ಈಗ ಕರಡಿ, ನವಿಲು, ಮುಳ್ಳುಹಂದಿ ಇರುವ ಒಂದು ಸೆಟ್ ಮಾಡೋಣ ಅಂತ ಅವರ ಯೋಚನೆ. ಮೂವರೂ ಕೇಳಿದ್ದು ಇಷ್ಟೇ: ಎರಡು ಮೂರು ಥರದ ಬಣ್ಣ ಸೇರಿಸಿದರೆ ಚಿತ್ರಕ್ಕೆ ಜೀವ ಬರುತ್ತೆ ಅಂತಾರೆ, ಹಾಗಾದರೆ ಯಾವುದರ ಜೊತೆ ಯಾವುದು?

ನಾನು ದಾವಣಗೆರೆಯ ಪಿ.ಜೆ. ಬಡಾವಣೆಯ ಮನೆಯ ಮಹಡಿಯಲ್ಲಿ ಭಾನುವಾರ ಮಕ್ಕಳಿಗೆ ಡ್ರಾಯಿಂಗ್ ಹೇಳಿಕೊಡುತ್ತೇನೆ. ಬಾಯಿಮಾತಿನಲ್ಲಿ ಉತ್ತರ ಹೇಳುವ ಬದಲು ಮಾಡಿಯೇ ನೋಡೋಣ ಅನ್ನಿಸಿತು. ಎರಡೇ ಪಾತ್ರ ಇಟ್ಟುಕೊಂಡೆ. ಒಂದು ಚಿತ್ರದುರ್ಗದ ಹತ್ತಿರದ ಜೋಗಿಮಟ್ಟಿ ಕಾಡಿನ ಕರಡಿ, ಇನ್ನೊಂದು ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಕಾಡಿನ ಕೊಂಡುಕುರಿ. ಬೇಕಂತಲೇ ಈ ಎರಡನ್ನು ಆರಿಸಿದ್ದು. ಕರಡಿ ಅಂದರೆ ಪೂರ್ತಿ ಕೂದಲು: ಕೆದರಿದ ಕಪ್ಪು ಮೈ, ಕೂದಲು ಕಮ್ಮಿ ಇರುವ ಬೂದು ಮೂತಿ, ಎದೆಯ ಮೇಲೆ ಇಂಗ್ಲಿಷಿನ ವಿ ಅಕ್ಷರದಂಥ ಬಿಳಿ ಗುರುತು, ಉದ್ದನೆಯ ಉಗುರು. ಕೊಂಡುಕುರಿ ಇದಕ್ಕೆ ಪೂರ್ತಿ ಉಲ್ಟಾ. ಹೆಗಲ ಹತ್ತಿರ ಸುಮಾರು ಎರಡು ಅಡಿ ಎತ್ತರ, ನುಣುಪಾದ ಕಂದು ಮೈ, ಕಡ್ಡಿಯಂಥ ಕಾಲು, ಕಾಲಿನ ಮುಂಭಾಗದಲ್ಲಿ ಕಪ್ಪು ಪಟ್ಟೆ. ಗಂಡಿಗೆ ಮಾತ್ರ ನಾಲ್ಕು ಕೊಂಬು, ಅದರಲ್ಲಿ ಮುಂದಿನ ಜೋಡಿ ಗಿಡ್ಡ. ಈ ಎರಡಕ್ಕೂ ಒಗ್ಗುವ ಮಾಧ್ಯಮ ಸಿಕ್ಕರೆ ನಾಯಿ, ನರಿ, ಮೇಕೆ, ಮೊಲ ಯಾವುದಕ್ಕೂ ಹೆದರಬೇಕಾಗಿಲ್ಲ.

ಮೊದಲು ಏನು ನೋಡಬೇಕು

ಬಣ್ಣದ ಅಂಗಡಿಗೆ ಹೋಗುವ ಮುಂಚೆ ನಾಲ್ಕು ವಿಷಯ ಯೋಚನೆ ಮಾಡಿ. ಮೊದಲನೆಯದು ಎಲ್ಲಕ್ಕಿಂತ ದೊಡ್ಡದು, ಜಾಸ್ತಿ ಜನ ಮರೆಯುವುದೂ ಅದನ್ನೇ. ಆ ಪಾತ್ರವನ್ನು ನೀವು ಎಷ್ಟು ಸಲ ಬರೆಯಬೇಕು? ಗೋಡೆಗೆ ಹಾಕುವ ಒಂದೇ ಚಿತ್ರ ಆದರೆ ಏನು ಬೇಕಾದರೂ ಮಾಡಬಹುದು. ಕಥೆ ಆದರೆ ಹಾಗಲ್ಲ. ಮೊದಲ ಪುಟದಲ್ಲಿ ಜೇನು ಹುಡುಕುವ ಕರಡಿಯೇ ಹದಿನಾರನೇ ಪುಟದಲ್ಲಿ ಬಂಡೆ ಮೇಲೆ ಮಲಗಿರುವುದು ಅಂತ ನಾಲ್ಕು ವರ್ಷದ ಮಗುವಿಗೂ ಗೊತ್ತಾಗಬೇಕು. ಒಂದು ಸಲ ತಾನಾಗಿ ಬಂದ ಚಂದದ ಕಲೆಯನ್ನು ಹದಿನಾರು ಸಲ ತರಿಸುವುದು ಬಹಳ ಕಷ್ಟ. ಇದಕ್ಕೆ ನಾನು ಆರು ಮುಖ ಬರೆಸುತ್ತೇನೆ. ಒಂದು ಎ4 ಹಾಳೆಯಲ್ಲಿ ಆರು ಚೌಕ ಹಾಕಿ ಒಂದೇ ಪ್ರಾಣಿಯ ನಗು, ಅಳು, ಸಿಟ್ಟು, ಹೆದರಿಕೆ, ನಿದ್ದೆ, ಆಶ್ಚರ್ಯ ಬರೆಯಿರಿ. ಆರೂ ಒಂದೇ ಪ್ರಾಣಿಯ ಹಾಗೆ ಕಂಡರೆ, ಆರನೆಯದು ಬರೆಯುವಾಗಲೂ ಕೈಗೆ ಬೇಸರ ಬರದಿದ್ದರೆ, ಆ ಮಾಧ್ಯಮ ನಿಮ್ಮದು.

ಎರಡನೆಯದು ಪ್ರಾಣಿಯ ಮೈ. ಕೂದಲೋ, ಗರಿಯೋ, ಚಿಪ್ಪೋ, ನುಣುಪು ಚರ್ಮವೋ. ಮೂರನೆಯದು, ಚಿತ್ರ ಕೊನೆಗೆ ಎಲ್ಲಿಗೆ ಹೋಗುತ್ತೆ: ಗೋಡೆಗೋ, ಪ್ರೆಸ್ಸಿಗೋ, ಮೊಬೈಲ್ ಪರದೆಗೋ, ಮಕ್ಕಳ ಕೈಗೋ. ನಾಲ್ಕನೆಯದು ದುಡ್ಡು. ಅದರ ಜೊತೆಗೆ ಸಮಯ, ಒಣಗಿಸಲು ಜಾಗ, ತಪ್ಪಾದರೆ ತಿದ್ದಿಕೊಳ್ಳುವ ಅವಕಾಶ. ಅಡುಗೆಮನೆ ಕಟ್ಟೆಯ ಮೇಲೆ ರಾತ್ರಿ ಒಂಬತ್ತರ ಮೇಲೆ ಚಿತ್ರ ಬರೆಯುವವರಿಗೆ ಜಾಗವೂ ದುಡ್ಡಿನಷ್ಟೇ ಮುಖ್ಯ, ಅಲ್ವಾ?

ಇನ್ನೊಂದು ಮಾತು, ಮುಂದೆ ಹೇಳುವ ಐದೂ ವಿಧಾನಕ್ಕೆ ಸೇರಿದ್ದು. ಯಾವುದನ್ನು ಮೊದಲು ಹಚ್ಚುತ್ತೀರಿ ಅನ್ನುವುದರ ಮೇಲೆ ಅರ್ಧ ಫಲಿತಾಂಶ ನಿಂತಿದೆ. ಸಾಮಾನ್ಯವಾಗಿ ಒದ್ದೆ ಬಣ್ಣ ಮೊದಲು, ಒಣ ಬಣ್ಣ ಆಮೇಲೆ. ಮೇಣ ಇರುವ ಕಡೆ ನೀರು ನಿಲ್ಲುವುದಿಲ್ಲ. ಅಕ್ರಿಲಿಕ್ ಒಣಗಿದ ಮೇಲೆ ನೀರಿಗೆ ಕರಗುವುದಿಲ್ಲ, ಗ್ವಾಶ್ ಒಣಗಿದ ಮೇಲೂ ಒದ್ದೆ ಕುಂಚ ತಾಗಿದರೆ ಮತ್ತೆ ಕರಗುತ್ತೆ. ಇಷ್ಟು ನೆನಪಿದ್ದರೆ ಎಷ್ಟೋ ಹಾಳೆ ಉಳಿಯುತ್ತವೆ.

ವಾಟರ್ ಕಲರ್ ಮತ್ತು ಇಂಕು

ಎಲ್ಲರೂ ಮೊದಲು ಹಿಡಿಯುವುದು ಇದನ್ನೇ. ಗೆರೆ ಇಂಕಿನದು, ಮೈ ಬಣ್ಣ ನೀರಿನದು. ಕೊಂಡುಕುರಿಗೆ ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಬರ್ನ್ಟ್ ಸಿಯೆನ್ನಾ (ಕೆಂಪು ಕಂದು) ಜೊತೆಗೆ ಸ್ವಲ್ಪ ಯೆಲ್ಲೋ ಓಕರ್ (ಮಣ್ಣಿನ ಹಳದಿ) ಸೇರಿಸಿ ತೆಳುವಾಗಿ ಒಂದು ಕೈ ಹಚ್ಚಿ, ಹೊಟ್ಟೆಯ ಕಡೆ ಬರೀ ನೀರಿನ ಕುಂಚ ಎಳೆದು ಬಿಳಿಗೆ ಬಿಟ್ಟರೆ ಆ ನುಣುಪು ಮೈ ತಾನಾಗಿ ಬರುತ್ತೆ. ಕಾಲಿನ ಕಪ್ಪು ಪಟ್ಟೆ, ಕೊಂಬು, ಗೊರಸು ಎಲ್ಲ ಪೆನ್ನಿನ ಕೆಲಸ.

ಕರಡಿಗೆ ಕಷ್ಟ. ವಾಟರ್ ಕಲರ್ ಡಬ್ಬಿಯ ಕಪ್ಪನ್ನು ಹಾಗೇ ಬಳಿದರೆ ಕರಡಿ ಮಸಿ ಬಳಿದ ಕಲ್ಲಿನ ಹಾಗೆ ಕಾಣುತ್ತೆ. ಅದರ ಬದಲು ಅಲ್ಟ್ರಾಮರೀನ್ ನೀಲಿಗೆ ಬರ್ನ್ಟ್ ಸಿಯೆನ್ನಾ ಸೇರಿಸಿ. ಅದು ಕೊಡುವ ಕಡುಬಣ್ಣದಲ್ಲಿ ಒಂದು ಕಡೆ ನೀಲಿ, ಒಂದು ಕಡೆ ಕಂದು ಇಣುಕುತ್ತೆ, ಮೈಗೆ ಆಳ ಬರುತ್ತೆ. ಆದರೆ ಎದೆಯ ಬಿಳಿ ಗುರುತನ್ನು ಮೊದಲೇ ಬಿಟ್ಟುಕೊಳ್ಳಬೇಕು, ಆಮೇಲೆ ತರಲು ಆಗುವುದಿಲ್ಲ. ಈ ಮಾಧ್ಯಮದಲ್ಲಿ ಬಿಳಿ ಅಂದರೆ ಹಾಳೆಯೇ. ಹಾಗಾಗಿ ತಿದ್ದುವ ಅವಕಾಶದಲ್ಲಿ ಇದಕ್ಕೆ ಕಡಿಮೆ ಅಂಕ.

ಇಂಕಿನ ಬಗ್ಗೆ ಬಿಡಿಸಿ ಹೇಳಲೇಬೇಕು. ಒಂದು ಸಲ ನಾನು ಎಂಟು ಪುಟದ ಗೆರೆ ಕೆಲಸ ಮುಗಿಸಿ, ಮೇಲೆ ಬಣ್ಣ ಹಚ್ಚಿದ ಕೂಡಲೇ ಎಲ್ಲ ಕಣ್ಣುಗಳೂ ಕೆನ್ನೆಗೆ ಇಳಿದವು. ಪೆನ್ನಿನ ಮೇಲೆ ನೀರಿಗೆ ಜಗ್ಗುವುದಿಲ್ಲ ಅಂತಲೇ ಬರೆದಿತ್ತು. ಆವತ್ತಿನಿಂದ ಹೊಸ ಪೆನ್ನು ತಂದರೆ ಮೊದಲು ಅದೇ ಹಾಳೆಯ ಮೂಲೆಯಲ್ಲಿ ಗೆರೆ ಎಳೆದು, ಐದು ನಿಮಿಷ ಬಿಟ್ಟು, ಒದ್ದೆ ಕುಂಚ ಎಳೆದು ನೋಡುತ್ತೇನೆ. ಪಿಗ್ಮೆಂಟ್ ಇಂಕಿನ (ನೀರಿಗೆ ಕರಗದ ಬಣ್ಣದ ಪುಡಿಯ ಇಂಕು) ಸಣ್ಣ ಮೊನೆಯ ಪೆನ್ನು, ಅಂದರೆ ಫೈನ್‌ಲೈನರ್ ಸಾಮಾನ್ಯವಾಗಿ ನಿಲ್ಲುತ್ತೆ. ಮಾಮೂಲಿ ಜೆಲ್ ಪೆನ್ನು, ಫೌಂಟನ್ ಪೆನ್ನಿನ ಶಾಯಿಗಳಲ್ಲಿ ಹೆಚ್ಚಿನವು ಹರಡುತ್ತವೆ. ದುಡ್ಡು ಕಮ್ಮಿ ಇದ್ದವರಿಗೆ ಒಂದು ದಾರಿ ಇದೆ: ಹತ್ತು ರೂಪಾಯಿಯ ಬಾಲ್ ಪೆನ್. ಅದರ ಶಾಯಿ ಎಣ್ಣೆ ಜಿಗುಟಿನದು, ನೀರಿಗೆ ಅಷ್ಟಾಗಿ ಹರಡುವುದಿಲ್ಲ. ಕಪ್ಪು ಬಾಲ್ ಪೆನ್ನಿನಲ್ಲಿ ಬರೆದು ಮೇಲೆ ಬಣ್ಣ ಹಚ್ಚಿದ ಮುಂಗುಸಿ ನನ್ನ ಹತ್ತಿರ ಇದೆ, ಗೆರೆ ಒಂಚೂರೂ ಕದಲಿಲ್ಲ.

ಹಾಳೆಯಲ್ಲಿ ಮಾತ್ರ ಉಳಿತಾಯ ಮಾಡಬೇಡಿ. ಶಾಲೆಯ ಡ್ರಾಯಿಂಗ್ ಶೀಟ್ ನೀರು ತಾಗಿದರೆ ಹಪ್ಪಳದ ಹಾಗೆ ಏಳುತ್ತೆ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ವಾಟರ್ ಕಲರ್ ಹಾಳೆ ಬೇಕು. ಕಾಟನ್ ಹಾಳೆ ಇನ್ನೂ ಒಳ್ಳೆಯದು, ಆದರೆ ಮರದ ತಿರುಳಿನ ಹಾಳೆಗಿಂತ ದುಬಾರಿ. ಅಭ್ಯಾಸಕ್ಕೆ ಮರದ ತಿರುಳಿನದು, ಕೊನೆಯ ಚಿತ್ರಕ್ಕೆ ಕಾಟನ್ ಅಂತ ಇಟ್ಟುಕೊಂಡರೆ ಖರ್ಚು ಹಿಡಿತಕ್ಕೆ ಬರುತ್ತೆ. ಇನ್ನು ನಮ್ಮೂರಿನ ಬಿಸಿಲು. ಏಪ್ರಿಲ್ ಮಧ್ಯಾಹ್ನ ದಾವಣಗೆರೆಯಲ್ಲಿ ಕರಡಿಯ ಬೆನ್ನಿಗೆ ಹಚ್ಚಿದ ಬಣ್ಣ ಹೊಟ್ಟೆಗೆ ಬರುವಷ್ಟರಲ್ಲಿ ಒಣಗಿ ಗೆರೆ ಕಟ್ಟುತ್ತೆ. ಒದ್ದೆಯ ಮೇಲೆ ಒದ್ದೆ ಬಣ್ಣ ಬಿಡುವ ಕೆಲಸವನ್ನು ಬೆಳಗ್ಗೆ ಎಂಟರೊಳಗೆ ಮುಗಿಸಿ, ಫ್ಯಾನ್ ಆಫ್ ಮಾಡಿ, ಹಾಳೆಯ ಹಿಂಭಾಗಕ್ಕೂ ನೀರು ಸವರಿಕೊಳ್ಳಿ.

ಒಂದು ಲಾಭದ ಮಾತನ್ನೂ ಸೇರಿಸುತ್ತೇನೆ. ಕೋಟೆಯ ಬಂಡೆಗಳನ್ನು ಹಿನ್ನೆಲೆಗೆ ಬರೆಯುವಾಗ, ಬೂದು ಬಣ್ಣ ಇನ್ನೂ ಹಸಿಯಿರುವಾಗಲೇ ನಾಲ್ಕು ಹರಳು ಕಲ್ಲುಪ್ಪು ಉದುರಿಸಿ. ಉಪ್ಪು ನೀರು ಹೀರಿಕೊಂಡು ಅಲ್ಲಲ್ಲಿ ಚುಕ್ಕೆ ಬಿಡುತ್ತೆ, ಒಣಗಿದ ಮೇಲೆ ಉಜ್ಜಿ ತೆಗೆದರೆ ಸಾಕು. ಚಿತ್ರದುರ್ಗದ ಕಲ್ಲು ಹಾಗೇ ಕೂತಿರುತ್ತೆ.

ಆಯಿಲ್ ಪೇಸ್ಟಲ್ ಮೇಲೆ ವಾಟರ್ ಕಲರ್

ಇದು ಅಗ್ಗ, ಬೇಗ ಆಗುತ್ತೆ, ಮಕ್ಕಳಿಗೆ ತುಂಬಾ ಖುಷಿ. ಬಿಳಿ ಪೇಸ್ಟಲ್ ಅಥವಾ ಮನೆಯ ಮೇಣದಬತ್ತಿಯಿಂದ ಕೂದಲು ಎಳೆದು, ಮೇಲೆ ಕಡುಬಣ್ಣದ ನೀರು ಹಚ್ಚಿ. ಮೇಣ ಇದ್ದ ಕಡೆ ಬಣ್ಣ ಜಾರಿ ಹೋಗಿ ಕರಡಿಯ ಕೆದರು ಕೂದಲು ಹೊಳೆಯುತ್ತಾ ಎದ್ದು ಬರುತ್ತೆ. ಮುಳ್ಳುಹಂದಿಗೂ ಸೊಗಸು. ಬಣ್ಣ, ಪೇಸ್ಟಲ್ ಎಲ್ಲ ಸೇರಿ ಮುನ್ನೂರು ರೂಪಾಯಿ ದಾಟುವುದಿಲ್ಲ.

ಆದರೆ ಚಿಕ್ಕ ಮುಖಕ್ಕೆ ಇದು ಆಗುವುದಿಲ್ಲ. ಪೇಸ್ಟಲ್ ಮೂತಿ ದಪ್ಪ, ಕಣ್ಣಿನ ಅಂಚು ಸಿಗುವುದಿಲ್ಲ. ಅದರ ಮೇಲೆ ಬಿಳಿ ಜೆಲ್ ಪೆನ್ನಿನಿಂದ ಹೊಳಪು ಇಡಲು ಹೋದರೆ ಪೆನ್ನಿನ ತುದಿಗೆ ಮೇಣ ಸಿಕ್ಕಿಕೊಂಡು ಪೆನ್ನೇ ನಿಂತುಹೋಗುತ್ತೆ. ಆಯಿಲ್ ಪೇಸ್ಟಲ್ ಪೂರ್ತಿ ಒಣಗುವುದೂ ಇಲ್ಲ, ಎರಡು ಚಿತ್ರದ ಮಧ್ಯೆ ಬಟರ್ ಪೇಪರ್ ಇಡದಿದ್ದರೆ ಒಂದರ ಬಣ್ಣ ಇನ್ನೊಂದಕ್ಕೆ ಮೆತ್ತುತ್ತೆ. ಕಾರ್ಡು ಮಾಡಿ ಮಾರುವವರು, ಮಕ್ಕಳ ಕೈಗೆ ಕೊಡುವವರು ಇದನ್ನು ಬಿಡಿ. ಗಾಜು ಹಾಕಿಸುವ ದೊಡ್ಡ ಚಿತ್ರಕ್ಕೆ, ತರಗತಿಯ ಒಂದು ಗಂಟೆಯ ಕೆಲಸಕ್ಕೆ ಇಟ್ಟುಕೊಳ್ಳಿ.

ಗ್ವಾಶ್ ಮತ್ತು ಬಣ್ಣದ ಪೆನ್ಸಿಲ್

ಕಥೆ ಪುಸ್ತಕ ಮಾಡುವವರಿಗೆ ನನ್ನ ಓಟು ಇದಕ್ಕೇ. ಯಾಕೆ ಅಂತ ನಿಧಾನವಾಗಿ ಹೇಳುತ್ತೇನೆ.

ಗ್ವಾಶ್ ಅಂದರೆ ಕೆಳಗಿನದನ್ನು ಮುಚ್ಚುವ ವಾಟರ್ ಕಲರ್. ಕಪ್ಪಿನ ಮೇಲೆ ಬಿಳಿ ಇಡಬಹುದು. ಹಾಗಾಗಿ ಕರಡಿಯ ಎದೆಯ ಗುರುತು, ಮೂಗಿನ ಹೊಳಪು, ಉಗುರು ಎಲ್ಲ ಕೊನೆಗೆ ಹಾಕಿದರೂ ಆಗುತ್ತೆ. ಮೊದಲು ಕರಡಿಯ ಪೂರ್ತಿ ಆಕಾರವನ್ನು ಒಂದೇ ಕಡುಕಂದು ಬಣ್ಣದಲ್ಲಿ ತುಂಬಿ, ನೆರಳಿನ ಹಾಗೆ. ಒಣಗಿದರೆ ಅದು ಹೊಳಪಿಲ್ಲದ, ಸ್ವಲ್ಪ ತರಿತರಿ ಮೇಲ್ಮೈ ಆಗುತ್ತೆ, ಬಣ್ಣದ ಪೆನ್ಸಿಲ್ ಅದನ್ನು ಚೆನ್ನಾಗಿ ಹಿಡಿದುಕೊಳ್ಳುತ್ತೆ. ಆಮೇಲೆ ಕಪ್ಪು, ಬೂದು, ಕೆನೆಬಣ್ಣದ ಪೆನ್ಸಿಲ್ ತಗೊಂಡು ಕೂದಲು ಬೆಳೆಯುವ ದಿಕ್ಕಿನಲ್ಲೇ ಎಳೆಯುತ್ತಾ ಹೋಗಿ. ಮೂತಿಯಿಂದ ಹಿಂದಕ್ಕೆ, ಕತ್ತಿನ ಹತ್ತಿರ ಉದ್ದ, ಕಾಲಿನ ಕೆಳಗೆ ಗಿಡ್ಡ. ದಿಕ್ಕು ತಪ್ಪಿದರೆ ಮಾತ್ರ ಕರಡಿ ಕಂಬಳಿ ಹೊದ್ದುಕೊಂಡ ಹಾಗೆ ಆಗುತ್ತೆ. ಮನೆಯ ನಾಯಿಯ ಮೈ ಮೇಲೆ ಕೈ ಆಡಿಸಿ ನೋಡಿ, ಕೂದಲು ಎಲ್ಲೆಲ್ಲಿ ತಿರುಗುತ್ತೆ ಅಂತ ಬೆರಳಿಗೇ ಗೊತ್ತಾಗುತ್ತೆ.

ಪದೇ ಪದೇ ಅದೇ ಪಾತ್ರ ಬರೆಯಲು ಇದು ಯಾಕೆ ಒಳ್ಳೆಯದು ಅಂದರೆ, ಇಲ್ಲಿ ಪಾತ್ರ ನಿಂತಿರುವುದು ಆಕಾರದ ಮೇಲೆ. ನೀರು ಎಲ್ಲಿಗೆ ಹರಿಯುತ್ತೋ ಅನ್ನುವ ಅದೃಷ್ಟದ ಮೇಲೆ ಅಲ್ಲ. ತಲೆಯ ಆಕಾರವನ್ನು ದಪ್ಪ ರಟ್ಟಿನಲ್ಲಿ ಒಮ್ಮೆ ಕತ್ತರಿಸಿಟ್ಟುಕೊಂಡರೆ ಎಲ್ಲ ಪುಟಕ್ಕೂ ಅದೇ ಅಳತೆ ಬರುತ್ತೆ. ಬಣ್ಣವನ್ನೂ ಒಂದೇ ಸಲ ಜಾಸ್ತಿ ಕಲಸಿ ಒಂದು ಸಣ್ಣ ಡಬ್ಬಿಯಲ್ಲಿ ಹಾಕಿಡಿ, ಮೇಲೆ ಕರಡಿ ಮೈ ಅಂತ ಬರೆದು ಅಂಟಿಸಿ. ಒಣಗಿದರೂ ಚಿಂತೆ ಇಲ್ಲ, ಎರಡು ಹನಿ ನೀರು ಬಿಟ್ಟರೆ ಮತ್ತೆ ಬರುತ್ತೆ. ಆರು ಮುಖ ಬರೆದಾಗ ನನಗೆ ಎಲ್ಲಕ್ಕಿಂತ ಹೆಚ್ಚು ಒಂದೇ ಥರ ಬಂದ ಕರಡಿ ಇದರಲ್ಲೇ.

ತೊಂದರೆಗಳೂ ಇವೆ. ಒಣಗುವಾಗ ಬಣ್ಣ ಬದಲಾಗುತ್ತೆ, ಸಾಮಾನ್ಯವಾಗಿ ತಿಳಿ ಬಣ್ಣ ಸ್ವಲ್ಪ ಕಪ್ಪಾಗುತ್ತೆ, ಕಡುಬಣ್ಣ ಸ್ವಲ್ಪ ತಿಳಿಯಾಗುತ್ತೆ. ಮೊದಲು ಚೂರು ಹಾಳೆಯ ಮೇಲೆ ಹಚ್ಚಿ, ಒಣಗಿಸಿ, ಆಮೇಲೆ ಚಿತ್ರಕ್ಕೆ ಇಳಿಯಿರಿ. ಎರಡನೇ ಪದರ ಹಚ್ಚುವಾಗ ಕುಂಚವನ್ನು ಒಂದೇ ಜಾಗದಲ್ಲಿ ಉಜ್ಜಿದರೆ ಕೆಳಗಿನದು ಕರಗಿ ರಾಡಿಯಾಗುತ್ತೆ. ಒಂದು ಸಲ ಇಟ್ಟು ಎತ್ತಿಬಿಡಬೇಕು. ಪೆನ್ಸಿಲ್ ಹಚ್ಚಿದ ಮೇಲೆ ಮತ್ತೆ ಗ್ವಾಶ್ ಹಚ್ಚಲು ಹೋಗಬೇಡಿ, ಪೆನ್ಸಿಲ್ಲಿನ ಮೇಣ ನೀರನ್ನು ತಳ್ಳುತ್ತೆ. ಕೊಂಡುಕುರಿಗೆ ಈ ಜೋಡಿ ಚೆನ್ನಾಗಿದೆ, ಆದರೆ ಆ ಗಾಳಿಯಂಥ ಹಗುರ ಬರುವುದಿಲ್ಲ, ಮಣ್ಣಿನ ಗೊಂಬೆಯ ಹಾಗೆ ಗಟ್ಟಿಯಾಗಿ ನಿಲ್ಲುತ್ತೆ. ಕೆಲವು ಕಥೆಗೆ ಅದೇ ಬೇಕು.

ಗ್ವಾಶ್ ಬದಲು ಪೋಸ್ಟರ್ ಕಲರ್ ಆಗುತ್ತಾ ಅಂತ ಎಲ್ಲರೂ ಕೇಳುತ್ತಾರೆ. ಆಗುತ್ತೆ. ಅಭ್ಯಾಸಕ್ಕೆ, ಶಾಲೆಯ ಚಾರ್ಟಿಗೆ ಧಾರಾಳವಾಗಿ ಆಗುತ್ತೆ, ಬೆಲೆಯೂ ಕಡಿಮೆ. ದಪ್ಪ ಹಚ್ಚಿದರೆ ಬಿರುಕು ಬಿಡುತ್ತೆ, ಸೀಮೆಸುಣ್ಣದ ಹಾಗೆ ಕೈಗೆ ಅಂಟುತ್ತೆ, ಅಷ್ಟೇ. ಇಡೀ ಸೆಟ್ ಕೊಳ್ಳುವ ಬದಲು ಬಿಳಿಯನ್ನು ಮಾತ್ರ ಒಳ್ಳೆಯ ಗ್ವಾಶ್ ಟ್ಯೂಬ್ ತಂದು, ಉಳಿದದ್ದಕ್ಕೆ ಮನೆಯಲ್ಲಿರುವ ವಾಟರ್ ಕಲರನ್ನೇ ಅದಕ್ಕೆ ಕಲಸಿಕೊಂಡರೆ ಅರ್ಧ ಖರ್ಚಿನಲ್ಲಿ ಕೆಲಸ ಆಗುತ್ತೆ. ಪೆನ್ಸಿಲ್ಲಿನಲ್ಲೂ ಅಷ್ಟೇ, 48 ಬಣ್ಣದ ಡಬ್ಬಿ ಬೇಡ. ಕಪ್ಪು, ಬಿಳಿ, ಕೆನೆ, ಎರಡು ಕಂದು, ಒಂದು ಬೂದು ಇದ್ದರೆ ಕಾಡಿನ ಅರ್ಧ ಪ್ರಾಣಿಗಳು ಮುಗಿದವು. ಬಿಡಿ ಪೆನ್ಸಿಲ್ ಸಿಗುವ ಅಂಗಡಿ ಹುಡುಕಿಕೊಳ್ಳಿ.

ಕತ್ತರಿಸಿ ಅಂಟಿಸುವುದು

ಕೊಲಾಜ್ ಅಂದರೆ ಹಳೇ ಪೇಪರ್ ಹರಿದು ಅಂಟಿಸುವುದು ಅಂತ ಸುಮ್ನೆ ತಳ್ಳಿಹಾಕಬೇಡಿ. ನನ್ನ ಮಟ್ಟಿಗೆ ನಮ್ಮ ಕಡೆಯವರಿಗೆ ಸಾಮಗ್ರಿ ಅತ್ಯಂತ ಸುಲಭವಾಗಿ ಸಿಗುವುದು ಇದಕ್ಕೇ. ಚಳ್ಳಕೆರೆ ಕಂಬಳಿಯ ನೂಲು ತಗೊಳ್ಳಿ, ಕರಿ ಕುರಿಯ ಉಣ್ಣೆಗೆ ಬಣ್ಣ ಹಾಕುವುದೇ ಬೇಡ. ಹಳೇ ಕಂಬಳಿಯ ಅಂಚಿನಿಂದ ಬಿಡಿಸಿದ ಎಳೆಗಳನ್ನು ಗ್ವಾಶ್ ಹಚ್ಚಿದ ಕರಡಿಯ ಬೆನ್ನಿಗೆ ಅಂಟಿಸಿದಾಗ ಕ್ಲಾಸಿನ ಮಕ್ಕಳು ಒಬ್ಬರಾದ ಮೇಲೆ ಒಬ್ಬರು ಬಂದು ಸವರಿ ನೋಡಿದರು. ಮೊಳಕಾಲ್ಮೂರು ಸೀರೆಯ ಬ್ಲೌಸ್ ಹೊಲಿದು ಮಿಕ್ಕ ಚೂರು ರೇಷ್ಮೆ ನವಿಲಿನ ಕತ್ತಿಗೆ. ಟೈಲರ್ ಅಂಗಡಿಯಲ್ಲಿ ಕೇಳಿದರೆ ಚೀಲದ ತುಂಬ ಕೊಡುತ್ತಾರೆ.

ಹಳೇ ನ್ಯೂಸ್‌ಪೇಪರ್ ಮಾತ್ರ ಬೇಡ, ಉಳಿಯಬೇಕಾದ ಚಿತ್ರಕ್ಕೆ. ಕೆಲವೇ ತಿಂಗಳಲ್ಲಿ ಹಳದಿಯಾಗಿ ಪುಡಿಯಾಗಲು ಶುರುವಾಗುತ್ತೆ. ಪತ್ರಿಕೆಯ ಫೋಟೋ ಕತ್ತರಿಸುವುದೂ ಬೇಡ, ನೀವು ಮಾರುವುದಾದರೆ ಆ ಫೋಟೋ ಇನ್ನೊಬ್ಬರ ಸ್ವತ್ತು. ಸಾದಾ ಹಾಳೆಗಳಿಗೆ ನೀವೇ ಕಂದು, ಕಪ್ಪು, ಹಸಿರು ಬಣ್ಣ ಬಳಿದು, ಒಣ ಕುಂಚದಿಂದ ಗೀಚಿ, ಬಾಚಣಿಗೆಯಿಂದ ಎಳೆದು ಒಂದು ಕಟ್ಟು ಮಾಡಿಟ್ಟುಕೊಳ್ಳಿ. ಕೂದಲಿನ ಹಾಳೆ, ಗರಿಯ ಹಾಳೆ, ಬಂಡೆಯ ಹಾಳೆ ಅಂತ. ಆಮೇಲೆ ಕತ್ತರಿ ಹಿಡಿದು ಕೂತರೆ ಕೆಲಸ ಸರಾಗ. ಫೆವಿಕಾಲ್‌ಗೆ ನೀರು ಜಾಸ್ತಿ ಸೇರಿಸಿದರೆ ತೆಳು ಹಾಳೆ ಸುಕ್ಕಾಗುತ್ತೆ. ತೆಳು ಹಾಳೆಗೆ ಗ್ಲೂ ಸ್ಟಿಕ್, ಬಟ್ಟೆ ಮತ್ತು ಉಣ್ಣೆಗೆ ಫೆವಿಕಾಲ್, ಮೇಲೆ ರಾತ್ರಿಯಿಡೀ ದಪ್ಪ ಪುಸ್ತಕದ ಭಾರ. ಮಳೆಗಾಲದಲ್ಲಿ ಪೂರ್ತಿ ಒಣಗುವ ಮುಂಚೆ ಮುಚ್ಚಿಟ್ಟರೆ ಬೂಸ್ಟು ಹಿಡಿಯುತ್ತೆ.

ಈಗ ನನಗೆ ಬಹಳ ಇಷ್ಟವಾದ ವಿಷಯ. ತೊಗಲುಗೊಂಬೆ ನೋಡಿದ್ದೀರಲ್ಲ? ಚರ್ಮದ ಗೊಂಬೆಯ ಕೈ ಬೇರೆ ತುಂಡು, ಮೈಗೆ ದಾರದ ಕೀಲು, ಅದಕ್ಕೇ ಒಂದೇ ಗೊಂಬೆ ಹತ್ತು ಥರ ಕುಣಿಯುತ್ತೆ. ಕೊಲಾಜಿನಲ್ಲೂ ಅದನ್ನೇ ಮಾಡಬಹುದು. ಕರಡಿಯ ತಲೆ, ಮೈ, ನಾಲ್ಕು ಕಾಲು ಬೇರೆ ಬೇರೆ ಕತ್ತರಿಸಿ, ಅಂಟಿಸದೆ ಹಿನ್ನೆಲೆಯ ಮೇಲೆ ಜೋಡಿಸಿ, ಫೋಟೋ ತೆಗೆಯಿರಿ. ಮುಂದಿನ ಪುಟಕ್ಕೆ ಅದೇ ತುಂಡುಗಳನ್ನು ಸರಿಸಿ ಇನ್ನೊಂದು ಭಂಗಿ. ಒಂದು ಸಲ ಕತ್ತರಿಸಿದ ಕರಡಿ ಇಡೀ ಕಥೆಗೆ ಸಾಕು, ಮುಖಕ್ಕೆ ಮಾತ್ರ ಮೂರು ನಾಲ್ಕು ಜೊತೆ ಕಣ್ಣು ಬಾಯಿ ಮಾಡಿಟ್ಟುಕೊಳ್ಳಿ. ಚಿತ್ರ ಬರೆಯಲು ಬರುವುದಿಲ್ಲ ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಪ್ರಿಂಟ್ ಮಾಡಿಸುವಾಗ ಎಚ್ಚರ. ಉಬ್ಬಿದ ಉಣ್ಣೆ, ಬಟ್ಟೆ ಇದ್ದರೆ ಮನೆಯ ಸ್ಕ್ಯಾನರ್‌ನಲ್ಲಿ ಗಾಜಿಗೆ ತಾಗದ ಭಾಗ ಮಸುಕಾಗುತ್ತೆ, ಒಂದು ಕಡೆ ನೆರಳೂ ಬೀಳುತ್ತೆ. ನೇರ ಬಿಸಿಲು ಬೀಳದ ಪಡಸಾಲೆಯಲ್ಲಿ, ಬೆಳಗಿನ ಬೆಳಕಿನಲ್ಲಿ, ಮೇಲಿನಿಂದ ನೇರವಾಗಿ ಫೋಟೋ ತೆಗೆಯುವುದೇ ವಾಸಿ. ಇನ್ನು ಕೊಂಡುಕುರಿಯ ಕಾಲು: ಅಷ್ಟು ಸಣ್ಣ ತುಂಡನ್ನು ಕತ್ತರಿಯಲ್ಲಿ ತೆಗೆಯುವುದು ಕಷ್ಟ, ಕಾಲುಗಳನ್ನು ಪೆನ್ನಿನಲ್ಲೇ ಬರೆದು ಮೈ ಮಾತ್ರ ಅಂಟಿಸಿ.

ಕೈಯಲ್ಲಿ ಅರ್ಧ, ಕಂಪ್ಯೂಟರ್‌ನಲ್ಲಿ ಅರ್ಧ

ಗೆರೆ ಹಾಳೆಯ ಮೇಲೆ, ಬಣ್ಣ ಪರದೆಯ ಮೇಲೆ. ಅಥವಾ ವಾಟರ್ ಕಲರ್ ಕಲೆಗಳನ್ನು, ಒಣ ಕುಂಚದ ಗೀಚುಗಳನ್ನು ಸ್ಕ್ಯಾನ್ ಮಾಡಿ ಕೂದಲಾಗಿ ಬಳಸುವುದು. ಲ್ಯಾಪ್‌ಟಾಪ್ ಇದ್ದವರಿಗೆ ಕ್ರಿಟಾ ಅನ್ನುವ ಚಿತ್ರ ಬರೆಯುವ ಸಾಫ್ಟ್‌ವೇರ್ ಉಚಿತ, ಅದರಲ್ಲಿ ಗೆರೆಯ ಪದರವನ್ನು ಮಲ್ಟಿಪ್ಲೈ ಅನ್ನುವ ಸೆಟ್ಟಿಂಗಿಗೆ ಇಟ್ಟು ಅದರ ಕೆಳಗಿನ ಪದರದಲ್ಲಿ ಬಣ್ಣ ತುಂಬಿದರೆ ಬಿಳಿ ಹಾಳೆ ಮಾಯವಾಗಿ ಗೆರೆ ಉಳಿಯುತ್ತೆ. ಮೊಬೈಲ್‌ನಲ್ಲಿ ಐಬಿಸ್ ಪೇಂಟ್ ಆಗುತ್ತೆ. ಪ್ರೊಕ್ರಿಯೇಟ್ ಆ್ಯಪ್ ಬೇಕಾದರೆ ಐಪ್ಯಾಡ್ ಬೇಕು, ಅದರ ಡಿಜಿಟಲ್ ಪೆನ್ಸಿಲ್ ಸೇರಿ ಮೂವತ್ತು ಸಾವಿರ ದಾಟುತ್ತೆ. ಮೊದಲ ಪುಸ್ತಕಕ್ಕೆ ಅಷ್ಟು ಹಾಕಬೇಡಿ. ಪರದೆ ಇಲ್ಲದ ಸಣ್ಣ ಪೆನ್ ಟ್ಯಾಬ್ಲೆಟ್ ಅದಕ್ಕಿಂತ ಎಷ್ಟೋ ಕಡಿಮೆಗೆ ಬರುತ್ತೆ, ಎರಡು ವಾರದಲ್ಲಿ ಕೈ ಹೊಂದಿಕೊಳ್ಳುತ್ತೆ.

ಎ4 ಚಿತ್ರ ಅದೇ ಅಳತೆಯಲ್ಲಿ ಅಚ್ಚಾಗಬೇಕಾದರೆ 300 ಡಿಪಿಐ (ಒಂದು ಇಂಚಿಗೆ 300 ಚುಕ್ಕೆ) ಸಾಕು, ಅಂದರೆ 2480 ಅಗಲ, 3508 ಎತ್ತರ ಪಿಕ್ಸೆಲ್. ಚಿಕ್ಕದಾಗಿ ಬರೆದು ಎರಡರಷ್ಟು ದೊಡ್ಡದು ಮಾಡುವುದಾದರೆ 600ರಲ್ಲಿ ಸ್ಕ್ಯಾನ್ ಮಾಡಿ. ಪರದೆಯಲ್ಲಿ ಹೊಳೆಯುವ ಹಸಿರು, ಕಿತ್ತಳೆ, ನೀಲಿ ಪ್ರೆಸ್ಸಿನ ನಾಲ್ಕು ಬಣ್ಣದ ಇಂಕಿಗೆ ಬಂದಾಗ ಮಂಕಾಗುತ್ತವೆ. ಒಂದು ಸಲ ನಾನು ಇದನ್ನು ನೋಡಿಕೊಳ್ಳದೆ ಇನ್ನೂರು ಕಾರ್ಡು ಅಚ್ಚು ಹಾಕಿಸಿದೆ, ಗಿಳಿಗಳೆಲ್ಲ ಒಣ ಎಲೆ ಬಣ್ಣಕ್ಕೆ ಬಂದವು. ಮೊದಲು ಒಂದೇ ಒಂದು ಪ್ರತಿ ತೆಗೆಸಿ ನೋಡಿ, ಆಮೇಲೆ ಉಳಿದದ್ದು.

ತಿದ್ದಲು ಇದರಷ್ಟು ಸಲೀಸು ಬೇರೆ ಇಲ್ಲ. ಆದರೆ ಒಂದು ಅಪಾಯ ಇದೆ. ಹಳೇ ಪುಟದ ಮುಖವನ್ನೇ ಹೊಸ ಪುಟಕ್ಕೆ ಅಂಟಿಸುವುದು ಎಷ್ಟು ಸುಲಭ ಅಂದರೆ, ಕರಡಿ ಅಳುವಾಗಲೂ ಅದೇ ಕಣ್ಣು, ಓಡುವಾಗಲೂ ಅದೇ ಕಣ್ಣು. ಮೈ ಬೇಕಾದರೆ ನಕಲು ಮಾಡಿ, ಕಣ್ಣು ಹುಬ್ಬುಗಳನ್ನು ಪ್ರತಿ ಸಲ ಕೈಯಲ್ಲೇ ಬರೆಯಿರಿ. ಇನ್ನೊಂದು, ಚಿತ್ರ ಮುಗಿದಾಗ ಮಾರಲು, ಯಾರಿಗಾದರೂ ಕೊಡಲು ಮೂಲ ಹಾಳೆ ಪೂರ್ತಿಯಾಗಿ ನಿಮ್ಮ ಕೈಯಲ್ಲಿ ಇರುವುದಿಲ್ಲ.

ಅಡಿಕೆ ಚೊಗರಿನ ಬಗ್ಗೆ ಎರಡು ಮಾತು

ಇದು ಪಟ್ಟಿಯಲ್ಲಿ ಇರಲಿಲ್ಲ. ಚನ್ನಗಿರಿಯ ನೆಂಟರ ಮನೆಯಿಂದ ಒಂದು ಬಾಟಲಿ ಚೊಗರು ತಂದಿದ್ದೆ. ಅಡಿಕೆ ಬೇಯಿಸಿದ ಆ ನೀರು ಬಟ್ಟೆಗೆ ಬಣ್ಣ ಹಾಕಲೂ ಬಳಕೆಯಾಗುತ್ತೆ, ಹಾಳೆಗೂ ಯಾಕೆ ಆಗಬಾರದು ಅಂತ ತೆಳು ಮಾಡಿ ಕೊಂಡುಕುರಿಗೆ ಹಚ್ಚಿದೆ. ಎಂಥ ಕೆಂಪು ಕಂದು! ಅದರಲ್ಲಿ ತುಕ್ಕು ಮೊಳೆ ನೆನೆಸಿಟ್ಟರೆ ಕಬ್ಬಿಣ ಸೇರಿ ಬಣ್ಣ ಕಪ್ಪಿಗೆ ತಿರುಗುತ್ತೆ, ಕಾಲಿನ ಪಟ್ಟೆಗೆ ಅದೇ ಆಯಿತು. ಆದರೆ ಒಂದು ಬಾಟಲಿಯ ಬಣ್ಣ ಇನ್ನೊಂದರದ್ದಲ್ಲ, ದಿನ ಕಳೆದಂತೆ ಹಾಳೆಯ ಮೇಲೂ ಬದಲಾಗುತ್ತೆ. ಹದಿನಾರು ಪುಟಕ್ಕೆ ಇದನ್ನು ನಂಬಿಕೊಳ್ಳಬೇಡಿ. ಪ್ರೀತಿಯವರಿಗೆ ಕೊಡುವ ಒಂದೇ ಚಿತ್ರಕ್ಕೆ ಖಂಡಿತ ಮಾಡಿ ನೋಡಿ.

ಹಾಗಾದರೆ ಯಾರಿಗೆ ಯಾವುದು

ಟೀಚರಿಗೆ ನಾನು ಹೇಳಿದ್ದು ಕೊಲಾಜ್, ಅದೂ ಕೀಲು ಇರುವ ತುಂಡುಗಳು. ಪೋಸ್ಟರ್ ಕಲರ್ ಬಳಿದ ಹಾಳೆ, ಹಳೇ ನೋಟ್‌ಬುಕ್ಕಿನ ರಟ್ಟು, ಬಾಲ್ ಪೆನ್. ಐನೂರರೊಳಗೆ ಆರು ಪ್ರಾಣಿ ಆಗುತ್ತವೆ. ಲ್ಯಾಮಿನೇಶನ್ ಮಾಡಿಸಿದರೆ ಮಕ್ಕಳ ಕೈಯಲ್ಲಿ ವರ್ಷ ಬಾಳುತ್ತವೆ, ಉಣ್ಣೆ ಮಾತ್ರ ಲ್ಯಾಮಿನೇಶನ್ ಒಳಗೆ ಹೋಗುವುದಿಲ್ಲ, ಅದನ್ನು ಮೇಲೆ ಅಂಟಿಸಬೇಕು. ಕೊಂಡುಕುರಿಯನ್ನೇ ಮೊದಲು ಮಾಡಿ ಅಂದೆ, ಅವರ ತಾಲ್ಲೂಕಿನ ಪ್ರಾಣಿ ಅದು, ಆ ಮಕ್ಕಳಿಗೆ ಸಿಂಹಕ್ಕಿಂತ ಮೊದಲು ಗೊತ್ತಿರಬೇಕಾದದ್ದು.

ಚಿತ್ರದುರ್ಗದ ಅಕ್ಕನಿಗೆ ಪ್ರತಿ ಬುಕ್‌ಮಾರ್ಕೂ ಕೈಯಲ್ಲೇ ಮಾಡುವ ಆಸೆ, ಗಿರಾಕಿ ಜಾಸ್ತಿಯಾದಂತೆ ಅದು ಆಗುತ್ತಿಲ್ಲ. ಅವರಿಗೆ ಇಂಕು ಮತ್ತು ವಾಟರ್ ಕಲರಿನಲ್ಲಿ ಒಂದೊಂದು ಮೂಲ ಚಿತ್ರ ಮಾಡಿ, ಸ್ಕ್ಯಾನ್ ಮಾಡಿ ಅಚ್ಚು ಹಾಕಿಸಿ, ಅಚ್ಚಾದ ಕಾರ್ಡಿನ ಮೇಲೆ ಬಿಳಿ ಪೆನ್ನಿನಿಂದ ಮೀಸೆ, ಕಣ್ಣಿನ ಹೊಳಪು ಮಾತ್ರ ಕೈಯಲ್ಲಿ ಇಡಿ ಅಂದೆ. ಹೊಳಪಿನ ಕಾರ್ಡಿನ ಮೇಲೆ ಪೆನ್ನು ಜಾರುತ್ತೆ, ಮ್ಯಾಟ್ ಕಾರ್ಡೇ ಕೇಳಿ. ವಾರಕ್ಕೆ ಎರಡು ಗಂಟೆ ಮಾತ್ರ ಸಿಗುವವರು, ಚಿಕ್ಕ ಮಕ್ಕಳಿರುವ ಮನೆಯವರು ಯಾರೇ ಆದರೂ ಪೆನ್ಸಿಲ್ ಜಾಸ್ತಿ, ನೀರು ಕಮ್ಮಿ ಇರುವ ದಾರಿ ಹಿಡಿಯಿರಿ. ಎದ್ದು ಹೋಗಿ ಬಂದರೂ ಪೆನ್ಸಿಲ್ ಒಣಗುವುದಿಲ್ಲ.

ಕಾಲೇಜಿನ ತಮ್ಮ ಮಾತ್ರ ಆರು ಮುಖಗಳನ್ನು ಎರಡು ಸೆಟ್ ಬರೆದು ತಂದ. ಕರಡಿ ಗ್ವಾಶಿನಲ್ಲಿ ಚೆನ್ನಾಗಿ ಬಂದಿತ್ತು, ಕೊಂಡುಕುರಿ ಇಂಕಿನಲ್ಲಿ. ಎರಡೂ ಒಂದೇ ಪುಸ್ತಕದಲ್ಲಿ ಇರಬಹುದಾ ಅಂತ ಕೇಳಿದ. ಇರಬಹುದು, ಮೂರು ಸಂಗತಿ ಒಂದೇ ಆಗಿದ್ದರೆ: ಹಾಳೆ ಒಂದೇ ಇರಬೇಕು, ಬಣ್ಣಗಳು ಅದೇ ನಾಲ್ಕೈದು ಟ್ಯೂಬಿನಿಂದ ಬರಬೇಕು, ಕಣ್ಣು ಬರೆಯುವ ರೀತಿ ಎರಡಕ್ಕೂ ಒಂದೇ ಇರಬೇಕು. ಅವನ ಕರಡಿಗೆ ಬಿಳಿ ಇರುವ ದುಂಡು ಕಣ್ಣು, ಕೊಂಡುಕುರಿಗೆ ಬರೀ ಕಪ್ಪು ಚುಕ್ಕೆ. ಎರಡಕ್ಕೂ ಕಪ್ಪು ಚುಕ್ಕೆ, ಮೇಲೆ ಎಡಕ್ಕೆ ಒಂದೇ ಬಿಳಿ ಹೊಳಪು ಇಟ್ಟು ನೋಡು ಅಂದೆ. ಅಲ್ಲೇ ಕೂತು ಗ್ವಾಶಿನಿಂದ ಕರಡಿಯ ಕಣ್ಣುಗಳನ್ನು ಮುಚ್ಚಿ, ಒಣಗಲು ಕಾದು, ಮತ್ತೆ ಬರೆದ. ಎರಡು ಹಾಳೆಗಳನ್ನು ಪಕ್ಕಪಕ್ಕ ಇಟ್ಟಾಗ ಎರಡೂ ಒಂದೇ ಕಾಡಿನವು ಅನ್ನಿಸಿದವು.